ಕತ್ತಿನ ಸ್ಕ್ಯಾನ್ ಯಾರಿಗೆ ಬೇಕು

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಟಿಎಸ್‌ಎಚ್ (ಥೈರಾಯ್ಡ್ ಉತ್ತೇಜಕ ಹಾರ್ಮೋನ್) ಸ್ವಲ್ಪ ಹೆಚ್ಚಿದ್ದರೂ, ಕತ್ತು ಮುಟ್ಟಿದಾಗ ಯಾವ ಗಂಟೂ ಸಿಗದಿದ್ದರೆ, ನಿಮಗೆ ಅಲ್ಟ್ರಾಸೌಂಡ್ ಅಗತ್ಯವಿಲ್ಲ, ರಕ್ತಪರೀಕ್ಷೆಯೇ ಸಾಕು, ಅದರಲ್ಲೇ ಮಾತ್ರೆಯ ಪ್ರಮಾಣ ನಿರ್ಧಾರವಾಗುತ್ತದೆ. ಮಾನ್ವಿಯಲ್ಲಿರುವ ನಿಮ್ಮ ತಾಯಿಯ ಕತ್ತಿನಲ್ಲಿ ಕಾಣಿಸಿಕೊಂಡ ಗಂಟಿನ ಮಾತು ಬೇರೆ. ಅವರಿಗೆ ತಡಮಾಡದೆ ಸ್ಕ್ಯಾನ್ ಮಾಡಿಸಿ. ಗಂಟು ನೀರು ತುಂಬಿದ್ದೋ, ಗಟ್ಟಿಯೋ, ಒಳಗೆ ಕ್ಯಾಲ್ಸಿಯಂ ಚುಕ್ಕಿಗಳಿವೆಯೋ ಎಂದು ಅಲ್ಟ್ರಾಸೌಂಡ್ ತೋರಿಸುತ್ತದೆ; ವಿಕಿರಣವಿಲ್ಲ, ಉಪವಾಸ ಬೇಡ. ಹತ್ತು ಗಂಟುಗಳಲ್ಲಿ ಒಂಬತ್ತು ಹಾನಿಕಾರಕವಲ್ಲ, ಹಾಗಾಗಿ ಭಯಪಡಬೇಡಿ. ಅನುಮಾನವಿದ್ದರೆ ಮಾತ್ರ ಸೂಜಿಪರೀಕ್ಷೆ ಬೇಕಾಗಬಹುದು.

ಊರಿನವರೆಲ್ಲ ಸುಮ್ಮನೆ ಸ್ಕ್ಯಾನ್ ಮಾಡಿಸುವುದನ್ನು ನಾನು ಪ್ರೋತ್ಸಾಹಿಸುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಸ್ಕ್ಯಾನಿಂಗ್ ಹೆಚ್ಚಿದಾಗ 1993ರಿಂದ 2011ರವರೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು, ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ಆದರೆ ಗಂಟು ದೊಡ್ಡದಾದರೆ, ಧ್ವನಿ ಒರಟಾದರೆ, ನುಂಗಲು ಕಷ್ಟವಾದರೆ, ತಾಯಿಯನ್ನು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿನ ತಜ್ಞರು ಮುಂದಿನ ದಾರಿ ಹೇಳುತ್ತಾರೆ.