ಹೊಲ ಹೊಕ್ಕ ಪ್ರಾಣಿ ಯಾವುದು? ಗುರುತು ನೋಡಿ ತಿಳಿಯಿರಿ

ಬಯಲುಸೀಮೆಯ ರೈತರು ಬೆಳೆಗೆ ಹಾನಿ ಮಾಡುವ ಕಾಡುಪ್ರಾಣಿಗಳನ್ನು ಕಣ್ಣಾರೆ ಕಾಣುವುದು ಅಪರೂಪ. ಅವುಗಳಲ್ಲಿ ಹೆಚ್ಚಿನವು ರಾತ್ರಿ ಬಂದು, ಬೆಳಕು ಹರಿಯುವ ಮುನ್ನ ಹೊರಟು ಹೋಗುತ್ತವೆ. ಬೆಳಿಗ್ಗೆ ನಮಗೆ ಉಳಿಯುವುದು ಅಗೆದ ಮಣ್ಣು, ಮುರಿದ ದಂಟು, ಒಂದಿಷ್ಟು ಹಿಕ್ಕೆ ಮಾತ್ರ. ಇವನ್ನು ಸರಿಯಾಗಿ ಓದಲು ಬಾರದಿದ್ದರೆ ಇಲಿ ಮಾಡಿದ ಹಾನಿಗೆ ನರಿಯನ್ನು ದೂರುತ್ತೇವೆ, ಮುಳ್ಳುಹಂದಿ ಅಗೆದುದಕ್ಕೆ ಕಾಡುಹಂದಿಯ ಬೇಲಿ ಹಾಕುತ್ತೇವೆ. ಹಣವೂ ಹೋಗುತ್ತದೆ, ಬೆಳೆಯೂ ಉಳಿಯುವುದಿಲ್ಲ.

ಮೊದಲು ನೆಲಗಡಲೆ ಹೊಲವನ್ನು ತೆಗೆದುಕೊಳ್ಳೋಣ. ಸಾಲುಸಾಲೇ ಮಗುಚಿ ಬಿದ್ದು, ನೇಗಿಲು ಹೊಡೆದಂತೆ ಮಣ್ಣು ಅಡ್ಡಾದಿಡ್ಡಿಯಾಗಿ ಎದ್ದಿದ್ದರೆ ಅದು ಕಾಡುಹಂದಿ. ಅದು ಮೂತಿಯಿಂದಲೇ ನೆಲವನ್ನು ಎತ್ತಿ ಹಾಕುತ್ತದೆ. ಗುಂಪಾಗಿ ಬರುವುದರಿಂದ ತಿಂದುದಕ್ಕಿಂತ ತುಳಿದು ಕೆಡಿಸಿದ್ದೇ ಹೆಚ್ಚಾಗಿರುತ್ತದೆ. ಮೆತ್ತನೆಯ ಮಣ್ಣಿನಲ್ಲಿ ಎರಡು ದೊಡ್ಡ ಗೊರಸುಗಳ ಹಿಂದೆ ಇನ್ನೆರಡು ಸಣ್ಣ ಗೊರಸುಗಳ ಗುರುತೂ ಮೂಡಿರುತ್ತದೆ. ಬೇಲಿಯ ಗೂಟಕ್ಕೋ ಮರದ ಬುಡಕ್ಕೋ ಮೈ ಉಜ್ಜಿದ ಕೆಸರು ಮತ್ತು ಒರಟು ಕೂದಲು ಸಿಕ್ಕರೆ ಸಂದೇಹವೇ ಬೇಡ.

ಮುಳ್ಳುಹಂದಿಯ ಕೆಲಸ ಬೇರೆ ಬಗೆಯದು. ಹೆಸರಿನಲ್ಲಿ ಹಂದಿ ಇದ್ದರೂ ಇದು ಇಲಿ, ಅಳಿಲುಗಳ ಬಳಗದ ಪ್ರಾಣಿ. ಮೂತಿಯಿಂದ ನೆಲ ಉಳುವುದಿಲ್ಲ. ಮುಂಗಾಲಿನ ಉಗುರುಗಳಿಂದ ಗಿಡದ ಬುಡಕ್ಕೆ ನೇರವಾಗಿ ಕಿರಿದಾದ ಗುಂಡಿ ತೋಡುತ್ತದೆ. ಗೆಣಸು, ಆಲೂಗಡ್ಡೆಗಳಲ್ಲಿ ಉಳಿ ಹಿಡಿದು ಕೆತ್ತಿದಂತಹ ಅಗಲವಾದ ಹಲ್ಲಿನ ಗುರುತು ಉಳಿಯುತ್ತದೆ. ಎಳೆಯ ತೆಂಗಿನ ಸಸಿಯ ಬುಡ ಕೊರೆಯುವುದು, ಮರದ ತೊಗಟೆ ಕೆರೆಯುವುದು ಇದರ ಅಭ್ಯಾಸ. ದಾರಿಯಲ್ಲಿ ಉದುರಿದ ಒಂದು ಮುಳ್ಳೇ ಸಾಕ್ಷಿ ಹೇಳುತ್ತದೆ. ಬಿಲದ ಬಾಯಲ್ಲಿ ಕಡಿದ ಎಲುಬುಗಳಿದ್ದರೆ ಅದನ್ನು ಚಿರತೆಯ ಗವಿ ಎಂದು ಹೆದರಬೇಡಿ. ಮುಳ್ಳುಹಂದಿ ಸುಣ್ಣದ ಅಂಶಕ್ಕಾಗಿ ಹಳೆಯ ಎಲುಬು, ಕೊಂಬುಗಳನ್ನು ತಂದು ಕಡಿಯುತ್ತದೆ. ಅದು ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎಂಬುದೂ ಸುಳ್ಳು. ಹಿಂದಕ್ಕೆ ಸರಿದು ಚುಚ್ಚುತ್ತದೆ, ಆಗ ಸಡಿಲವಾದ ಮುಳ್ಳು ನಾಯಿಯ ಮೈಯಲ್ಲಿ ಉಳಿಯುತ್ತದೆ, ಅಷ್ಟೆ.

ಎಳೆಯ ಪೈರಿನ ತುದಿ ಮೇಯ್ದಿದ್ದರೆ ಕಡಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಕುಡುಗೋಲಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿದ್ದರೆ ಮೊಲ. ಹರಿದು ಕಿತ್ತಂತೆ ನಾರು ಎದ್ದಿದ್ದರೆ ಜಿಂಕೆ ಅಥವಾ ಕೃಷ್ಣಮೃಗ. ಕಾರಣ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ದನಕ್ಕೆ ಹೇಗೆ ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲವೋ ಹಾಗೆಯೇ ಇವಕ್ಕೂ ಇಲ್ಲ. ಆದ್ದರಿಂದ ಕತ್ತರಿಸಲಾರವು, ಎಳೆದು ಹರಿಯುತ್ತವೆ. ಕೃಷ್ಣಮೃಗದ ಹಾವಳಿ ರಾಣಿಬೆನ್ನೂರು ಸುತ್ತಿನ ರೈತರಿಗೆ ಹೊಸದಲ್ಲ. ಅಲ್ಲಿನ ಅಭಯಾರಣ್ಯ 1974ರಲ್ಲಿ ಆದದ್ದೇ ಇದರ ರಕ್ಷಣೆಗಾಗಿ. ಬಲಿತ ಗಂಡು ಮಾತ್ರ ಕಪ್ಪು; ತಿರುಚಿದ ಕೊಂಬೂ ಗಂಡಿಗೇ. ಕಂದುಬಣ್ಣದ ಹೆಣ್ಣುಗಳನ್ನು ಕಂಡು ಬೇರೆ ಜಾತಿಯೆಂದು ತಿಳಿಯುವವರಿದ್ದಾರೆ.

ಇನ್ನು ಇಲಿ. ಸದ್ದಿಲ್ಲದೆ, ವರ್ಷವಿಡೀ ಹಾನಿ ಮಾಡುವುದು ಇದೇ ಎಂಬುದು ನಮ್ಮ ಅಭಿಪ್ರಾಯ. ರಾಗಿ, ಭತ್ತದಲ್ಲಿ ತೆಂಡೆಗಳನ್ನು ಬುಡದ ಹತ್ತಿರ ಓರೆಯಾಗಿ ಕಡಿದು ಕೆಡವುತ್ತದೆ. ಮೊಲದ ಕಡಿತವೂ ಓರೆಯೇ ಆದ್ದರಿಂದ ಇಲ್ಲಿ ಹಿಕ್ಕೆಯನ್ನೂ ನೋಡಬೇಕು. ಮೊಲದ್ದು ದುಂಡಗೆ, ಇಲಿಯದು ಉದ್ದುದ್ದ. ಕಬ್ಬಿನಲ್ಲಿ ಕೆಳಗಿನ ಗೆಣ್ಣುಗಳ ನಡುವೆ ಸಣ್ಣ ಹಲ್ಲಿನ ಜೋಡಿಗೀರು ಕಂಡರೆ ಇಲಿ. ದಂಟನ್ನೇ ಮುರಿದು ಜಗಿದು ಸಿಪ್ಪೆ ಉಗುಳಿದ್ದರೆ ಕಾಡುಹಂದಿ. ಬದುವಿನ ಮೇಲೆ ಬಿಲದ ಬಾಯಿಗೆ ಹೊಸ ಮಣ್ಣಿನ ಗುಪ್ಪೆ ಇದ್ದರೆ ಅದು ಹೊಲದ ಹೆಗ್ಗಣ. ಇದು ತೆನೆಗಳನ್ನು ಒಳಗೆ ಸಾಗಿಸಿ ಕೂಡಿಡುತ್ತದೆ. ಮೂರು ವಾರದ ಗರ್ಭ, ಸೂಲಿಗೆ ಆರೆಂಟು ಮರಿ. ಖುಷ್ಕಿಯಲ್ಲಿ ಇನ್ನೊಂದು ಇಲಿಯಿದೆ. ಅದರ ಕಣ್ಣು ದೊಡ್ಡದು, ಉದ್ದ ಬಾಲದ ತುದಿಯಲ್ಲಿ ಕಪ್ಪು ಕುಚ್ಚು, ಓಟ ಕುಪ್ಪಳಿಸಿದಂತೆ.

ಸಂಜೆ ಎಲ್ಲ ಬಿಲಗಳನ್ನೂ ಮುಚ್ಚಿ, ಮರುದಿನ ತೆರೆದಿರುವ ಬಿಲಗಳಿಗೆ ಮಾತ್ರ ಮದ್ದಿಡಬೇಕೆಂದು ನಿಮಗೆ ಹೇಳಿಯೇ ಇದ್ದಾರೆ. ಆದರೆ ಹೆಗ್ಗಣ ತನ್ನ ಬಿಲವನ್ನು ಒಳಗಿನಿಂದ ತಾನೇ ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಬಿಲವೆಲ್ಲ ಖಾಲಿಯಲ್ಲ. ಹೊಸ ಗುಪ್ಪೆಯಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸತು ಫಾಸ್ಫೈಡನ್ನು ಶೇಕಡ 2ರಂತೆ ಕಾಳಿಗೆ ಬೆರೆಸುವ ಮುನ್ನ ಎರಡು ಮೂರು ದಿನ ಎಣ್ಣೆ ಸವರಿದ ಬರಿಯ ಕಾಳನ್ನೇ ಇಟ್ಟು ರುಚಿ ಹತ್ತಿಸಬೇಕು. ಮದ್ದನ್ನು ಬಿಲದೊಳಗೇ ಇಡಿ. ಸತ್ತ ಇಲಿಗಳನ್ನು ಹುಡುಕಿ ಹೂಳಿರಿ. ಹೊರಗೆ ಬಿದ್ದರೆ ಅವು ಹೋಗುವುದು ನಿಮ್ಮ ಸಹಾಯಕರ ಹೊಟ್ಟೆಗೆ.

ಆ ಸಹಾಯಕರು ಯಾರು? ಕಾಡುಬೆಕ್ಕು, ಮುಂಗುಸಿ, ಸಣ್ಣ ನರಿ, ದೊಡ್ಡ ನರಿ. ಊರಿನಲ್ಲಿ ಎರಡಕ್ಕೂ ನರಿ ಎಂದೇ ಹೆಸರು. ಸಣ್ಣದು ಎರಡು ಮೂರು ಕಿ.ಗ್ರಾಂ. ತೂಗುತ್ತದೆ, ಪೊದೆಯಂತಹ ಉದ್ದ ಬಾಲ, ತುದಿ ಕಪ್ಪು, ಬಯಲಿನಲ್ಲೇ ಹಲವು ಬಾಯಿಗಳ ಬಿಲ ತೋಡುತ್ತದೆ. ಇಲಿ, ಗೆದ್ದಲು, ಏಡಿ, ಬೋರೆಹಣ್ಣು ಇದರ ಊಟ. ದೊಡ್ಡದು ಏಳರಿಂದ ಹನ್ನೊಂದು ಕಿ.ಗ್ರಾಂ. ಇರಬಹುದು. ಕಲ್ಲಂಗಡಿ, ಮುಸುಕಿನಜೋಳ, ಕಬ್ಬಿಗೆ ಬಾಯಿ ಹಾಕುವುದು ನಿಜ, ಕೋಳಿ ಒಯ್ಯುವುದೂ ನಿಜ. ಆದರೂ ಅದರ ಮಲವನ್ನು ಕಡ್ಡಿಯಿಂದ ಒಡೆದು ನೋಡಿ, ಇಲಿಯ ಕೂದಲು, ಎಲುಬು ಎಷ್ಟಿವೆಯೆಂದು ಕಾಣುವಿರಿ. ಹೆಜ್ಜೆಯಲ್ಲಿ ನಾಲ್ಕು ಬೆರಳುಗಳ ಮುಂದೆ ಉಗುರಿನ ಗುರುತಿದ್ದರೆ ನಾಯಿ ಅಥವಾ ನರಿ. ಉಗುರಿಲ್ಲದೆ ದುಂಡಗಿದ್ದರೆ ಬೆಕ್ಕಿನ ಜಾತಿ. ಚಿರತೆಯದೂ ಹಾಗೆಯೇ ಇರುತ್ತದೆ, ಆದರೆ ಬಹಳ ದೊಡ್ಡದು.

ಇಲಿ ಹೆಗ್ಗಣಗಳನ್ನು ಬಿಟ್ಟರೆ ಮೇಲೆ ಹೇಳಿದ ಪ್ರಾಣಿಗಳನ್ನು ಅನುಮತಿಯಿಲ್ಲದೆ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಂಬದಿಂದ ನೇರವಾಗಿ ತಂತಿಗೆ ಕರೆಂಟು ಹರಿಸುವುದಂತೂ ಹಂದಿಗಿಂತ ಮೊದಲು ನೀರು ಹಾಯಿಸಲು ಬಂದ ಮನೆಮಗನನ್ನೇ ಕೊಂದೀತು. ಸಿಡಿಮದ್ದು ಕಚ್ಚಿದ ಹಸುವಿನ ದವಡೆ ನೋಡಿದವರಿಗೆ ಅದರ ಬಗ್ಗೆ ಬೇರೆ ಹೇಳಬೇಕಿಲ್ಲ. ಕ್ಷಣಕಾಲ ಮಾತ್ರ ಮಿಡಿದು ಬೆದರಿಸುವ ಸೌರಬೇಲಿ ಹಂದಿಗೆ ಆಗುತ್ತದೆ, ತಂತಿಗೆ ತಗಲುವ ಕಳೆಯನ್ನು ಆಗಾಗ ಸವರುತ್ತಿದ್ದರೆ.

ಕಾಡುಹಂದಿಯಂತಹ ಪ್ರಾಣಿಗಳಿಂದಾದ ನಷ್ಟಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಬಹುದು. ಇಲಿಯ ಹಾನಿಗೆ ಅಲ್ಲಿ ದಾರಿಯಿಲ್ಲ. ಆದ್ದರಿಂದ ಗುರುತು ಅಳಿಸುವ ಮುನ್ನ, ಹೊಲಕ್ಕೆ ದನ ಬಿಡುವ ಮುನ್ನ, ಹೆಜ್ಜೆಯ ಪಕ್ಕದಲ್ಲಿ ಬೆಂಕಿಪೊಟ್ಟಣವೊಂದನ್ನಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಪೊಟ್ಟಣದ ಅಳತೆ ಎಲ್ಲರಿಗೂ ಗೊತ್ತಿರುವುದರಿಂದ ಹೆಜ್ಜೆಯ ಗಾತ್ರ ತಿಳಿಯುತ್ತದೆ. ಹಾನಿಯಾದ ಸಾಲುಗಳನ್ನೂ ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆದಿಟ್ಟು ಅರ್ಜಿಯ ಜೊತೆ ಕೊಡಿ.