ಹಳೆಯ ಚಿಕ್ಕ ಸರಕು ಮೋಟಾರನ್ನು ಕೊಳ್ಳುವ ಮುನ್ನ ಪರೀಕ್ಷಿಸತಕ್ಕ ವಿಷಯಗಳು

ತರಕಾರಿ, ರೇಷ್ಮೆಗೂಡು ಮೊದಲಾದವುಗಳನ್ನು ಹೊತ್ತಿಗೆ ಸರಿಯಾಗಿ ಪೇಟೆಗೆ ಮುಟ್ಟಿಸುವ ಸಲುವಾಗಿ ಜಮೀನುದಾರರಲ್ಲಿ ಅನೇಕರು ಹಳೆಯ ಚಿಕ್ಕ ಸರಕು ಮೋಟಾರುಗಳನ್ನು ಕೊಳ್ಳುವುದುಂಟು. ಇವುಗಳಲ್ಲಿ 2005ನೆಯ ಇಸವಿಯಲ್ಲಿ ಹೊರಬಂದು, ಜನರ ಬಾಯಲ್ಲಿ ‘ಛೋಟಾ ಹಾಥಿ’ ಎನಿಸಿಕೊಂಡ ಟಾಟಾ ಏಸ್ ಗಾಡಿಯು ಹಳ್ಳಿಗಳಲ್ಲಿ ಬಹಳ ಪರಿಚಿತವಾದುದು. ಎರಡು ಸಿಲಿಂಡರುಗಳ, ಸುಮಾರು 700 ಸಿ.ಸಿ. ಡೀಸೆಲ್ ಯಂತ್ರವುಳ್ಳ ಇದರ ಮೊದಲ ಮಾದರಿಯು ಹೊರತಕ್ಕ ಭಾರವು ಸುಮಾರು ಏಳೂವರೆ ಕ್ವಿಂಟಲು ಮಾತ್ರ. ಎಂದರೆ 75 ಕಿಲೋ ತೂಗುವ ಭತ್ತದ ಮೂಟೆಗಳು 10. ಇಪ್ಪತ್ತು ಮೂಟೆ ಹೇರಿದರೂ ಗಾಡಿಯು ಕದಲುವುದೆಂಬುದು ನಿಜವೇ. ಆದರೆ ಆ ಸಾಹಸದ ವೆಚ್ಚವನ್ನು ತೆರತಕ್ಕವನು ಎರಡನೆಯ ಯಜಮಾನನು.

ಅತಿಭಾರದ ಗುರುತುಗಳನ್ನು ಗಾಡಿಯ ಕೆಳಗೆ ಬಗ್ಗಿ ನೋಡತಕ್ಕದ್ದು. ಹಿಂದಿನ ಕಮಾನು ಪಟ್ಟಿಗಳು ಬಾಗನ್ನು ಕಳೆದುಕೊಂಡು ಚಪ್ಪಟೆಯಾಗಿರುವುದು, ಗಾಡಿಯು ಒಂದು ಪಕ್ಕಕ್ಕೆ ವಾಲುವುದು, ಚಾಸಿಯ ಮೇಲೆ ಬೆಸುಗೆಯ ತೇಪೆಯಿರುವುದು, ಇವು ಮರೆಮಾಚಲಾಗದ ಸಾಕ್ಷಿಗಳು. ಅಲ್ಲಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅದರಡಿಯಲ್ಲಿ ಏನಿದೆಯೆಂದು ವಿಚಾರಿಸುವುದು ಲೇಸು. ಏರಿನಲ್ಲಿ ಯಂತ್ರದ ಸದ್ದು ಹೆಚ್ಚಿದರೂ ವೇಗ ಹೆಚ್ಚದಿದ್ದರೆ ಕ್ಲಚ್ಚು ಸವೆದಿರುವುದೆಂದು ತಿಳಿಯಬೇಕು.

ಇದಕ್ಕಿಂತಲೂ ದುಬಾರಿಯಾದ ರೋಗವು ಯಂತ್ರದ ಅತಿಕಾವು. ರೇಡಿಯೇಟರಿಗೆ ಕೂಲೆಂಟ್ ದ್ರವಕ್ಕೆ ಬದಲಾಗಿ ಕೊಳವೆಬಾವಿಯ ಗಡಸುನೀರನ್ನು ಸುರಿಯುವ ಅಭ್ಯಾಸವು ನಮ್ಮ ಸೀಮೆಯಲ್ಲಿ ಸಾಮಾನ್ಯ. ಪಾತ್ರೆಯ ತಳದಲ್ಲಿ ಕಟ್ಟುವಂತೆಯೇ ಈ ನೀರು ಸಣ್ಣ ಕೊಳವೆಗಳೊಳಗೆ ಸುಣ್ಣದ ಕರೆ ಕಟ್ಟಿಸುತ್ತದೆ. ಆಗ ಕಾವು ಇಳಿಯದೆ ಹೆಡ್ ಗ್ಯಾಸ್ಕೆಟ್ಟು ಸುಟ್ಟು, ಹೆಡ್ಡೇ ಸೊಟ್ಟಾಗಬಹುದು. ಆದುದರಿಂದ ಬೆಳಗ್ಗೆ, ಯಂತ್ರವು ಪೂರ್ಣವಾಗಿ ತಣ್ಣಗಿರುವಾಗಲೇ ಪರೀಕ್ಷೆಗೆ ಹೋಗತಕ್ಕದ್ದು. ಮಾರುವವನು ಮೊದಲೇ ಚಾಲೂ ಮಾಡಿ ಕಾಯಿಸಿಟ್ಟಿದ್ದರೆ ಮತ್ತೊಂದು ದಿನ ಬರುವುದಾಗಿ ಹೇಳಿ ಹಿಂದಿರುಗಬಹುದು. ತಣ್ಣಗಿರುವಾಗ ಮುಚ್ಚಳ ತೆಗೆದು, ಯಂತ್ರವನ್ನು ನಡೆಸಿದೊಡನೆ ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆಗಳೇಳುತ್ತಿದ್ದರೆ, ಅಥವಾ ಅಳತೆ ಕಡ್ಡಿಯ ಎಣ್ಣೆಯು ಹಾಲು ಬೆರೆತಂತಿದ್ದರೆ, ವ್ಯಾಪಾರವನ್ನು ಅಲ್ಲಿಗೇ ಬಿಡುವುದು ಕ್ಷೇಮ. ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು.

ಹೊಗೆಯೂ ಮಾತನಾಡುತ್ತದೆ. ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಭಾರವಿಲ್ಲದೆಯೂ ದಟ್ಟ ಕಪ್ಪಾದರೆ ಇಂಜೆಕ್ಟರನ್ನೂ ಗಾಳಿಯ ಫಿಲ್ಟರನ್ನೂ ನೋಡಿಸಬೇಕು. ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದಾಗ ಹೊಗೆಯು ರಭಸದಿಂದ ನುಗ್ಗಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಬೋರಿನ ಕೆಲಸಕ್ಕಾಗುವ ಖರ್ಚನ್ನು ನಂಬಿಕೆಯ ಮೇಸ್ತ್ರಿಯಿಂದ ಕೇಳಿ ತಿಳಿದು, ಕ್ರಯದಲ್ಲಿ ಅಷ್ಟನ್ನು ಕಡಿಮೆ ಮಾಡಿಸತಕ್ಕದ್ದು.

ಕಾಗದಪತ್ರಗಳ ವಿಷಯದಲ್ಲಿಯೂ ಉದಾಸೀನ ಸಲ್ಲದು. ಆರ್.ಸಿ.ಯಲ್ಲಿ ಸಾಲದ ನಮೂದಿದ್ದರೆ, ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರವು ಕೈಸೇರುವವರೆಗೂ ಪೂರ್ತಿ ಹಣವನ್ನು ಕೊಡಲಾಗದು. ಎಫ್.ಸಿ.ಯು ಎಂದಿನವರೆಗೆ ಇದೆಯೆಂದು ನೋಡಬೇಕು. ಕೊಂಡವನು 30 ದಿನಗಳೊಳಗಾಗಿ ಹಕ್ಕು ಬದಲಾವಣೆಯನ್ನು ಸಾರಿಗೆ ಕಛೇರಿಗೆ ತಿಳಿಸತಕ್ಕದ್ದು.