ಹೊಲಕ್ಕೊಂದು ಸರ್ವೇ ನಂಬರು, ದತ್ತಾಂಶಕ್ಕೊಂದು ಡಿಒಐ

ಗದಗ ಸಮೀಪದ ಅಸುಂಡಿ ಗ್ರಾಮದ ಹೊಲಗಳನ್ನೇ ನೋಡಿ. ಹೊಲ ಮಾರಾಟವಾಗಬಹುದು, ಅಣ್ಣತಮ್ಮಂದಿರಲ್ಲಿ ಪಾಲಾಗಬಹುದು, ಮುಂಗಾರಿಗೆ ಹೆಸರು ಬೆಳೆದಲ್ಲಿ ಹಿಂಗಾರಿಗೆ ಕಡಲೆ ಬಿತ್ತಬಹುದು. ಸರ್ವೇ ನಂಬರು ಮಾತ್ರ ಹೊಲವನ್ನು ಬಿಡುವುದಿಲ್ಲ. ಬದಲಾದದ್ದೆಲ್ಲ ಪಹಣಿಯಲ್ಲಿ ದಾಖಲಾಗುತ್ತದೆ. ಸಂಶೋಧನೆಯ ದತ್ತಾಂಶಕ್ಕೂ ಇಂಥದೇ ಒಂದು ನಂಬರಿದೆ. ಅದೇ ಡಿಒಐ, ಅಂದರೆ ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್.

ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ನೀವು ಎಂದುಕೊಳ್ಳೋಣ. ಅಸುಂಡಿಯ ಎರಿ ಹೊಲಗಳಲ್ಲಿ ಓಡಾಡಿ ಹೆಸರಿನ ಇಳುವರಿ ಬರೆದುಕೊಂಡಿದ್ದೀರಿ. ಲೇಖನ ಕಳಿಸಿದಾಗ ಸಂಪಾದಕರು ಕೇಳುತ್ತಾರೆ: ಅಂಕಿಅಂಶ ಎಲ್ಲಿದೆ? ಗೂಗಲ್ ಡ್ರೈವ್ ಲಿಂಕ್ ಕೊಟ್ಟಿರೆನ್ನಿ. ನಾಳೆ ನೀವು ಆ ಫೋಲ್ಡರ್ ಅಳಿಸಿದರೆ, ಕಾಲೇಜಿನ ಖಾತೆ ಮುಚ್ಚಿಹೋದರೆ, ಲೇಖನ ಉಳಿದರೂ ಅದರ ಆಧಾರ ಉಳಿಯದು.

ಡಿಒಐ ಈ ಕಷ್ಟ ತಪ್ಪಿಸುತ್ತದೆ. ಅದು 10 ಎಂಬ ಸಂಖ್ಯೆಯಿಂದ ಶುರುವಾಗುತ್ತದೆ. ಓರೆಗೆರೆಗೆ ಮುಂಚಿನ ಭಾಗ ನಂಬರು ಕೊಟ್ಟವರ ಗುರುತು, ನಂತರದ್ದು ನಿಮ್ಮ ಕಡತದ ಗುರುತು. ನೀವು ಲಿಂಕ್ ಒತ್ತಿದಾಗ ಒಂದು ಕೇಂದ್ರ ದಾಖಲೆ ‘ಈ ಕಡತ ಈಗ ಇಲ್ಲಿದೆ’ ಎಂದು ನಿಮ್ಮನ್ನು ಅತ್ತ ಕಳಿಸುತ್ತದೆ. ಕಡತವನ್ನು ಇಟ್ಟುಕೊಂಡ ಭಂಡಾರ ತನ್ನ ಜಾಲತಾಣ ಬದಲಿಸಿದರೆ ಆ ದಾಖಲೆಯನ್ನು ತಿದ್ದುತ್ತದೆ. ಲೇಖನದಲ್ಲಿ ಅಚ್ಚಾದ ನಂಬರನ್ನು ಯಾರೂ ಮುಟ್ಟಬೇಕಿಲ್ಲ. ಈ ವ್ಯವಸ್ಥೆ 2012ರಲ್ಲಿ ಐಎಸ್‌ಒ ಮಾನಕವಾಯಿತು. ದತ್ತಾಂಶಕ್ಕೆ ಇಂಥ ನಂಬರು ಕೊಡಲೆಂದೇ 2009ರಲ್ಲಿ ಡೇಟಾಸೈಟ್ ಸಂಸ್ಥೆ ಹುಟ್ಟಿತು.

ಈಗ ಹೊಸಬರು ಎಡವುವ ಜಾಗಕ್ಕೆ ಬರೋಣ. ಲೇಖನದಲ್ಲಿ ನಂಬರು ಬೇಕು. ಆದರೆ ಲೇಖನ ಒಪ್ಪಿಗೆಯಾಗುವ ಮೊದಲೇ ದತ್ತಾಂಶ ಪ್ರಕಟಿಸಲು ಮನಸ್ಸಿಲ್ಲ. ಆಗೇನು? ಜಿನೀವಾದ ಸರ್ನ್ ಸಂಶೋಧನಾ ಕೇಂದ್ರ 2013ರಿಂದ ನಡೆಸುತ್ತಿರುವ ಜೆನೋಡೊ ಎಂಬ ಉಚಿತ ಭಂಡಾರದಲ್ಲಿ ದಾರಿಯಿದೆ. ಕಡತಗಳನ್ನು ಕರಡಾಗಿ ಏರಿಸಿ, ಡಿಒಐ ಕಾಯ್ದಿರಿಸಿ, ಅದನ್ನು ಲೇಖನದಲ್ಲಿ ಬರೆದುಕೊಳ್ಳಿ. ಕಾಯ್ದಿರಿಸಿದ ನಂಬರು ಪ್ರಕಟಿಸುವವರೆಗೆ ತೆರೆಯುವುದಿಲ್ಲ. ಕರಡು ಅಳಿಸಿದರೆ ಅದೂ ಹೋಯಿತು. ಹಾಗಾಗಿ ಪರಿಶೀಲಕರಿಗೆ ಕರಡನ್ನು ನೋಡಲು ಬೇರೊಂದು ಖಾಸಗಿ ಲಿಂಕ್ ಕಳಿಸಿ. ಆ ಲಿಂಕ್ ಪತ್ರಕ್ಕಷ್ಟೇ, ಲೇಖನಕ್ಕೆ ಬೇಡ. ಒಪ್ಪಿಗೆ ಬಂದ ದಿನ ಪ್ರಕಟಿಸಿದರೆ ಕಾಯ್ದಿರಿಸಿದ ನಂಬರಿಗೆ ಜೀವ ಬರುತ್ತದೆ.

ಮುಂದೆ ತಪ್ಪು ಕಂಡರೆ ಹೊಸ ಆವೃತ್ತಿ ಏರಿಸಬಹುದು. ಅದಕ್ಕೆ ಬೇರೆ ನಂಬರು ಬರುತ್ತದೆ, ಹಳೆಯದೂ ಉಳಿಯುತ್ತದೆ. ಎಲ್ಲ ಆವೃತ್ತಿಗಳಿಗೂ ಸೇರಿದ ಇನ್ನೊಂದು ನಂಬರು ಯಾವಾಗಲೂ ಇತ್ತೀಚಿನದನ್ನೇ ತೋರಿಸುತ್ತದೆ. ನೀವು ಲೆಕ್ಕ ಹಾಕಿದ್ದು ಯಾವ ಆವೃತ್ತಿಯಿಂದಲೋ ಅದರ ನಂಬರನ್ನೇ ಲೇಖನದಲ್ಲಿ ಕೊಡಿ.

ಪ್ರಕಟಿಸುವ ಗುಂಡಿ ಒತ್ತುವ ಮುಂಚೆ ಅಂಕಿಅಂಶದ ಹಾಳೆಯನ್ನು ಮೇಲಿಂದ ಕೆಳಗೆ ಓದಿ. ಇಳುವರಿಯ ಪಕ್ಕದಲ್ಲಿ ಹೊಲದ ಸರ್ವೇ ನಂಬರು ಇದೆಯೇ? ರೈತರ ಹೆಸರು ಅಳಿಸಿದ್ದೇವಲ್ಲ ಎಂದು ಸುಮ್ಮನಿರಬೇಡಿ. ರಾಜ್ಯ ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಊರು, ಸರ್ವೇ ನಂಬರು ಹಾಕಿದರೆ ಪಹಣಿ ತೆರೆಯುತ್ತದೆ, ಪಹಣಿಯಲ್ಲಿ ಮಾಲೀಕರ ಹೆಸರಿರುತ್ತದೆ. ನಿಮ್ಮನ್ನು ನಂಬಿ ಬೆಳೆ, ಸಾಲದ ಲೆಕ್ಕ ಹೇಳಿದವರು ಅವರು. ಸರ್ವೇ ನಂಬರು ತೆಗೆದು ನಿಮ್ಮದೇ ಕ್ರಮಸಂಖ್ಯೆ ಹಾಕಿ. ಪ್ರಕಟಿಸಿದ ಮೇಲೆ ಕಡತ ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಇಳಿಸಿಕೊಂಡವರ ಕೈಯಲ್ಲಿರುವ ಪ್ರತಿ ನಿಮಗೆ ಮರಳಿ ಬರುವುದಿಲ್ಲ.